ಯಾರೂ ತೋಡದ ಕಡಂಗ

ಕಳೆದ ವಾರ ನಮ್ಮ ಬೀದಿಯಲ್ಲಿ ನೀರಿನ ಪೈಪು ಹಾಕಲು ಜೆಸಿಬಿ ತಂದು ಉದ್ದಕ್ಕೂ ನೆಲ ಅಗೆದರು. ಬೆಳಿಗ್ಗೆ ಗೇಟು ತೆಗೆದರೆ ಹಸಿ ಮಣ್ಣಿನ ವಾಸನೆ ಮುಖಕ್ಕೆ ಬಡಿಯಿತು. ಮೊದಲ ಮಳೆಗೆ ಏಳುತ್ತದಲ್ಲ, ಆ ವಾಸನೆಯಲ್ಲ. ಅದು ಮೇಲಿನ ಮಣ್ಣಿನದು, ಎಲ್ಲರಿಗೂ ಗೊತ್ತಿರುವಂಥದ್ದು. ಇದು ಆಳದ್ದು, ಎಂದೂ ಬಿಸಿಲು ಕಾಣದ ಮಣ್ಣಿನದು. ಕೋಲೂರಿಕೊಂಡು ಗುಂಡಿಯ ಅಂಚಿಗೆ ಹೋಗಿ ಬಗ್ಗಿ ನೋಡುತ್ತ ನಿಂತೆ. ಡ್ರೈವರ್ ಯಂತ್ರ ನಿಲ್ಲಿಸಿ, "ಏನ್ ತಾತ, ಏನಾದ್ರೂ ಬೀಳಿಸ್ಕೊಂಡ್ರಾ?" ಎಂದು ಕೇಳಿದ. ಏನೂ ಇಲ್ಲಪ್ಪ ಎಂದೆ. ನಾನು ನೋಡುತ್ತಿದ್ದದ್ದು ಮಣ್ಣಿನ ಪದರಗಳನ್ನು. ಗುಂಡಿಯ ಗೋಡೆಯಲ್ಲಿ ಮೇಲೆ ಒಂದು ಮೊಳ ಕಪ್ಪು, ಕೆಳಗೆಲ್ಲ ಕೆಂಪು. ಪಕ್ಕದಲ್ಲಿ ಸುರಿದ ರಾಶಿಯಲ್ಲಿ ಅದು ತಲೆಕೆಳಗು. ಹೀಗೆ ನೋಡುವುದನ್ನು ನನಗೆ ಕಲಿಸಿದವರು ಒಬ್ಬ ಚೈನ್‌ಮನ್, ಎಂದರೆ ಸರ್ವೆಯವರ ಜೊತೆ ಅಳತೆಯ ಸರಪಳಿ ಎಳೆಯುವ ಆಳು. ಅವರು ಹೋಗಿ ಎಷ್ಟು ಕಾಲವಾಯಿತು...

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಸರ್ವೆ ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ, ನೌಕರಿ ಕಾಯಂ ಆಗಿರಲಿಲ್ಲ. ಮಂಡ್ಯ ಕಡೆಯ ಬಯಲಿನವನು ನಾನು. ನೆಲ ಅಂದರೆ ಚಾಪೆ ಹಾಸಿದ ಹಾಗೆ ಬಿದ್ದಿರಬೇಕು ಎಂದು ತಿಳಿದವನು. ಅಂಥವನನ್ನು ಸೋಮವಾರಪೇಟೆಯಿಂದ ಪಡುವಲಿಗೆ, ಗುಡ್ಡದ ಮೇಲೆ ಗುಡ್ಡ ಹೇರಿದಂಥ ಸೀಮೆಗೆ ಮರು ಅಳತೆಗೆ ಹಾಕಿದರು. ಮೊದಲ ವಾರವೇ ಮೂರು ಸಲ ಜಾರಿ ಬಿದ್ದೆ. ಮೂರು ಸಲವೂ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದವರು ಈ ಚೈನ್‌ಮನ್. ಮೂರನೆಯ ಸಲ ಮಾತ್ರ, "ಸಾರ್, ಅಳತೇನ ಬೆನ್ನಲ್ಲಿ ಮಾಡ್ಬೇಡಿ, ಚೈನು ಐತೆ" ಎಂದರು. ಸಿಟ್ಟು ಬಂತು, ಆದರೆ ನಗುವೇ ಗೆದ್ದಿತು.

ಅವರು ಕೊಡ್ಲಿಪೇಟೆ ಕಡೆಯವರು, ವಯಸ್ಸು ಅರವತ್ತರ ಆಚೀಚೆ. ಕಾಗದದ ಪ್ರಕಾರ ಅವರ ಕಾಲ ಮುಗಿದಿತ್ತು. ಆದರೆ ಆ ಗುಡ್ಡಗಳಲ್ಲಿ ಹಳೆಯ ಸರ್ವೆ ಕಲ್ಲುಗಳು ಎಲ್ಲೆಲ್ಲಿ ಹುದುಗಿವೆ ಎಂದು ಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ದಿನಗೂಲಿಯ ಮೇಲೆ ಕರೆಸಿಕೊಂಡಿದ್ದರು. ಬ್ರಿಟಿಷರ ಕಾಲದ ಅಳತೆಯಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಅವರು ಇದೇ ಗುಡ್ಡಗಳ ಮೇಲೆ ಬಿಳಿ ದೊರೆಯೊಬ್ಬನ ಹಿಂದೆ ಚೈನು ಎಳೆದಿದ್ದರು. ಓದು ಬರಹ ಇಲ್ಲ, ಕಾಲಿಗೆ ಚಪ್ಪಲಿ ಇಲ್ಲ. ಎಲ್ಲರೂ ಅಜ್ಜ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಗ ಅಧಿಕಾರದ ಗತ್ತಿನಲ್ಲಿ ಏಕವಚನದಲ್ಲೇ ಮಾತನಾಡಿಸುತ್ತಿದ್ದೆ. ಈಗ ಬರೆಯಲು ಕೂತರೆ ಕೈ ತಾನಾಗಿ ಬಹುವಚನಕ್ಕೆ ಹೋಗುತ್ತಿದೆ. ಸಲ್ಲಬೇಕಾದದ್ದು ತಡವಾಗಿಯಾದರೂ ಸಲ್ಲಲಿ.

ಕಡಂಗವನ್ನು ನನಗೆ ಮೊದಲು ತೋರಿಸಿದ್ದು ಅವರೇ. ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಹಿಂದಿನ ಕಾಲದವರು ಶತ್ರುಗಳನ್ನು ತಡೆಯಲು, ನಾಡಿಗೂ ನಾಡಿಗೂ ನಡುವೆ ಗಡಿ ಹಾಕಲು ತೋಡಿದ ಭಾರಿ ಕಂದಕ ಅದು. ಅಗೆದ ಮಣ್ಣನ್ನು ಒಂದು ಬದಿಗೆ ಎಸೆದು ಏರಿ ಮಾಡಿರುತ್ತಾರೆ. ಗುಡ್ಡ ಹತ್ತಿ, ಕಣಿವೆ ಇಳಿದು, ಮತ್ತೆ ಗುಡ್ಡ ಹತ್ತಿ ಮೈಲಿಗಟ್ಟಲೆ ಸಾಗುತ್ತದೆ. ಒಂದು ಕಾಫಿ ತೋಟದ ನಡುವೆ ಅಜ್ಜನ ಹಿಂದೆ ಅದರೊಳಗೆ ಇಳಿದು ನಿಂತೆ. ಏರಿಯ ನೆತ್ತಿ ನನ್ನ ತಲೆಗಿಂತ ಎರಡಾಳು ಮೇಲಿತ್ತು. ಅದರ ಮೇಲೆ ಬೆಳೆದ ಮರಗಳನ್ನು ಇಬ್ಬರು ಸೇರಿ ತಬ್ಬಬೇಕು. ಗುದ್ದಲಿ, ಬುಟ್ಟಿ, ಎರಡು ಕೈ, ಇಷ್ಟೇ ಇದ್ದ ಜನ ಇದನ್ನು ತೋಡಿದ್ದರು! ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಬಯಲುಸೀಮೆಯಲ್ಲಿ ದೊಡ್ಡ ದೊಡ್ಡ ದೇವಸ್ಥಾನಗಳನ್ನು ಕಂಡವನು ನಾನು. ಅಲ್ಲೆಲ್ಲೂ ಹೀಗೆ ಉಸಿರು ಕಟ್ಟಿರಲಿಲ್ಲ.

ಸ್ವಲ್ಪ ಮುಂದೆ ತೋಟದ ರಸ್ತೆಗಾಗಿ ಆ ಏರಿಯನ್ನು ಯಾರೋ ಅಡ್ಡಕ್ಕೆ ಕಡಿದಿದ್ದರು. ಅಜ್ಜ ಅಲ್ಲಿ ನಿಂತು ಕಡಿದ ಮುಖವನ್ನು ಅಂಗೈಯಿಂದ ಒರೆಸಿ ತೋರಿಸಿದರು. ಮೇಲೆಲ್ಲ ಕೆಂಪು ಮಣ್ಣು, ಅದರ ಅಡಿಯಲ್ಲಿ ಒಂದು ಕಪ್ಪು ಗೆರೆ, ಅದಕ್ಕೂ ಕೆಳಗೆ ಮತ್ತೆ ಕೆಂಪು.

"ಈ ಕಪ್ಪು ಗೆರೆ ನೋಡಿ ಸಾರ್. ಅದು ಆವತ್ತಿನ ನೆಲ. ಅವ್ರು ಓಡಾಡ್ತಿದ್ದ ನೆಲ. ಹೊಂಡದ ಕೆಂಪು ಮಣ್ಣನ್ನ ಅದ್ರ ಮೇಲೆ ಸುರಿದವ್ರೆ. ಮನುಷ್ಯ ಅಗೆದ್ರೆ ಮಣ್ಣು ಮಗುಚ್ಕೊಳ್ತದೆ, ಕಾವಲಿ ಮೇಲಿನ ದೋಸೆ ಹಂಗೆ."

ಆ ಕಪ್ಪು ಗೆರೆಯ ಮೇಲೆ ಬೆರಳಿಟ್ಟೆ. ಎಷ್ಟೋ ನೂರು ವರ್ಷದ ಹಿಂದೆ ಯಾರೋ ಹುಲ್ಲು ತುಳಿದು ನಡೆದ ನೆಲ ನನ್ನ ಬೆರಳ ತುದಿಗೆ ತಣ್ಣಗೆ ಸಿಕ್ಕಿತು.

ಆ ಗುಂಗಿನಲ್ಲೇ ನಾನು ಮುಂದಿನ ಅಳತೆಗೆ ಒಂದು ಹಳ್ಳಿಗೆ ಹೋದದ್ದು. ಹಳ್ಳಿಯ ಹೆಸರು ಬೇಡ. ಒಂದು ಕಡಿದಾದ ಇಳಿಜಾರು, ಅದರ ಬುಡದಲ್ಲಿ ಒಂಬತ್ತು ಮನೆ, ಮುಂದೆ ಗದ್ದೆ, ಗದ್ದೆಯಾಚೆ ತೊರೆ, ತೊರೆಯಾಚೆಯ ದಿಬ್ಬದಲ್ಲಿ ಶಾಲೆ ಮತ್ತು ಪಟೇಲರ ಮನೆ. ಇಳಿಜಾರಿನ ನೆತ್ತಿಯ ಹತ್ತಿರ, ಒಂಬತ್ತೂ ಮನೆಗಳನ್ನು ತಬ್ಬಿಕೊಂಡ ಹಾಗೆ, ಒಂದು ಕಂದಕ ಮತ್ತು ಏರಿ. ಹಳೆಯ ನಕ್ಷೆಯಲ್ಲಿ ಅದರ ಮೇಲೆ 'ಕಡಂಗ' ಎಂದೇ ಬರೆದಿತ್ತು. ಊರಿನವರಿಗೆ ಅದು ಜೀವ. ಕಡಂಗದಲ್ಲಿ ಹೋರಾಡಿ ಬಿದ್ದವರ ವಂಶ ತಮ್ಮದು ಎನ್ನುತ್ತಿದ್ದರು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಬರುವ ಸುಗ್ಗಿ ಹಬ್ಬದ ಕೊನೆಯ ದಿನ ಊರಿಗೆ ಊರೇ ಮೇಲೆ ಹತ್ತಿ ಆ ಏರಿಯ ಮೇಲೆ ಹಿರಿಯರಿಗೆ ಎಡೆ ಇಡುತ್ತಿತ್ತು. ಅದಕ್ಕೆ ಯಾರೂ ಗುದ್ದಲಿ ತಾಗಿಸುವಂತಿಲ್ಲ. ತಾಗಿಸಿದವರ ಮನೆ ಉಳಿಯುವುದಿಲ್ಲ ಎಂಬ ನಂಬಿಕೆ. ಆ ಒಂಬತ್ತರಲ್ಲಿ ಒಂದು ಮನೆಗೆ ಅಜ್ಜ ತಮ್ಮ ಒಬ್ಬಳೇ ಮಗಳನ್ನು ಕೊಟ್ಟಿದ್ದರು. ಕಡಂಗದ ಮನೆಯವರು ಎಂದರೆ ಸುತ್ತ ನಾಲ್ಕೂರಲ್ಲಿ ಅಷ್ಟು ಮರ್ಯಾದೆ.

ಪಟೇಲರು ತಮ್ಮ ಜಗುಲಿಯಲ್ಲಿ ಕಾಫಿ ಕೊಟ್ಟು, "ಸರ್ವೆ ಸಾಹೇಬ್ರೆ, ನಮ್ಮ ಕಡಂಗ ನೋಡಿದ್ರಾ?" ಎಂದು ಕೇಳಿದರು. ಸರಿ, ನನಗೆ ಅಷ್ಟು ಸಾಕಾಯಿತು. ಊರಿನ ಹತ್ತಿಪ್ಪತ್ತು ಜನರ ಮುಂದೆ ಒಂದು ಭಾಷಣವನ್ನೇ ಬಿಗಿದೆ. ಇದು ಸಾವಿರ ವರ್ಷದ್ದು, ಇಂಥ ಕಡಂಗ ಇನ್ನೆಲ್ಲೂ ಇಲ್ಲ, ನಿಮ್ಮ ಹಿರಿಯರು ಸಾಮಾನ್ಯರಲ್ಲ, ಸರ್ಕಾರದ ನಕ್ಷೆಯಲ್ಲೇ ಇದೆ ಎಂದೆಲ್ಲ. ನಾನು ಆಗಿನ್ನೂ ಅದರ ಹತ್ತಿರ ಹೋಗಿ ಕೂಡ ನೋಡಿರಲಿಲ್ಲ. ಜಗುಲಿಯ ಕೆಳಗೆ ಕೂತಿದ್ದ ಅಜ್ಜ ಎಲೆಯಡಿಕೆ ಜಗಿಯುತ್ತಿದ್ದರು.

ಮಾರನೆಯ ದಿನ ಅಳತೆ ಶುರುವಾಯಿತು. ಕಡಂಗದ ಮೇಲ್ಗಡೆ ಒಂದು ಹಳೆಯ ಸರ್ವೆ ಕಲ್ಲು, ಕೆಳಗಡೆ ಮನೆಗಳ ಹಿಂದೆ ಇನ್ನೊಂದು. ಬಿಳಿ ದೊರೆಯ ಪುಸ್ತಕದಲ್ಲಿ ಎರಡರ ನಡುವಿನ ದೂರ ಬರೆದಿತ್ತು. ನಾವು ಅಳೆದರೆ ಆರು ಕೊಂಡಿ ಹೆಚ್ಚು ಬಂತು, ಎಂದರೆ ಸುಮಾರು ನಾಲ್ಕಡಿ. ಅಜ್ಜ ಚೈನು ಸಡಿಲ ಬಿಟ್ಟಿದ್ದಾರೆ ಎಂದು ರೇಗಿದೆ. ಮತ್ತೆ ಅಳೆದೆವು, ಆರೇ ಕೊಂಡಿ. ಚೈನು ಎಳೆದಾಡಿ ಉದ್ದವಾಗಿರಬೇಕು ಎಂದು ಬಿಡಾರಕ್ಕೆ ಹೋಗಿ ಅಳತೆಗೋಲಿಟ್ಟು ನೋಡಿದೆ. ಚೈನು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಪಕ್ಕದ ಗುಡ್ಡದ ಕಲ್ಲುಗಳ ನಡುವೆ ಅಳೆದರೆ ಹಳೆಯ ಲೆಕ್ಕಕ್ಕೆ ಸರಿಯಾಗಿ ಕೂತಿತು. ಆ ಕಡಂಗ ದಾಟುವ ಗೆರೆ ಮಾತ್ರ, ಮೂರನೆಯ ಸಲವೂ, ಆರು ಕೊಂಡಿ ಉದ್ದ.

ಅಜ್ಜ ಕೆಳಗಿನ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ತುಂಬಾ ಹೊತ್ತು ಮೇಲೆ ನೋಡಿದರು. ಆಮೇಲೆ ಹೇಳಿದರು, "ಚೈನು ಉದ್ದ ಆಗಿಲ್ಲ ಸಾರ್. ಗುಡ್ಡ ಉದ್ದ ಆಗೈತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಅಣಕಿಸಿದೆ. ನೆಲ ನಿಜಕ್ಕೂ ಡೊಂಕಾಗಿತ್ತು ಎಂದು ನನಗೆ ಆಗ ಹೇಗೆ ಗೊತ್ತಾಗಬೇಕು?

ಅವರು ವಾದಿಸಲಿಲ್ಲ. ನನ್ನನ್ನು ಕರೆದುಕೊಂಡು ಆ ಕಂದಕದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ನಿಜವಾದ ಕಡಂಗ ಗುಡ್ಡ ದಾಟಿ ಹೋಗಬೇಕು. ಇದು ಕುಡುಗೋಲಿನ ಹಾಗೆ ಬಾಗಿ, ಎರಡೂ ಕಡೆ ಅದೇ ಇಳಿಜಾರಿನಲ್ಲಿ ಸಣ್ಣಗಾಗಿ ಮಾಯವಾಗುತ್ತಿತ್ತು. "ಯುದ್ಧಕ್ಕೆ ಅಂತ ತೋಡಿದೋರು ಅರ್ಧಕ್ಕೇ ಬಿಟ್ಟು ಊಟಕ್ಕೆ ಎದ್ದು ಹೋದ್ರಾ ಸಾರ್?" ಎಂದರು. ಏರಿಯ ಮೇಲಿನ ಮರಗಳೆಲ್ಲ ಒಂದೇ ಸಮ ಗುಡ್ಡದ ಕಡೆಗೆ ಬೆನ್ನು ವಾಲಿಸಿಕೊಂಡಿದ್ದವು. ಕಂದಕದ ತಳದಲ್ಲಿ ಒಂದು ಕಡೆ ನೆಲ ಕೈ ತೂರುವಷ್ಟು ಬಿರಿದಿತ್ತು. ಅಜ್ಜ ಉದ್ದನೆಯ ಬಿದಿರು ಗಳವೊಂದನ್ನು ಅದರಲ್ಲಿ ಇಳಿಬಿಟ್ಟರು. ಗಳ ಪೂರ್ತಿ ಒಳಗೆ ಹೋಯಿತು, ತಳ ಸಿಗಲಿಲ್ಲ. ಯಾರೂ ತೋಡದ ಕಂದಕ ಅದು. ಯಾವ ಕಾಲದಲ್ಲೋ ಇಡೀ ಇಳಿಜಾರು ಗುಡ್ಡದಿಂದ ಬಿಟ್ಟುಕೊಂಡು, ಕೆಳಗೆ ಸರಿದು, ನಿಂತಿತ್ತು. ಬಿಟ್ಟುಕೊಂಡ ಕಡೆ ಬಾಯಿ ತೆರೆದದ್ದೇ ಆ ಕಂದಕ. ನಲವತ್ತು ವರ್ಷದಲ್ಲಿ ಅದು ಮತ್ತೆ ನಾಲ್ಕಡಿ ಸರಿದಿದೆ, ಇನ್ನೂ ಸರಿಯುತ್ತಿದೆ... ಮನುಷ್ಯರು ತೋಡಿದ್ದು ಎಂದಾಗ ಟೋಪಿ ತೆಗೆದಿದ್ದೆ. ಈಗ ಕೈ ಟೋಪಿಗೆ ಹೋಗಲೇ ಇಲ್ಲ, ಸುಮ್ಮನೆ ಕೂತುಬಿಟ್ಟೆ.

ಅಲ್ಲೇ ಕೂತು ಅಜ್ಜ ಇನ್ನೊಂದು ಮಾತು ಹೇಳಿದರು. ಬಿಳಿ ದೊರೆ ಆ ಕಾಲದಲ್ಲಿ ಇಲ್ಲಿಗೆ ಬಂದಾಗ, ಇದೇನು ಎಂದು ಕೇಳಿದ್ದು ಅವರನ್ನೇ. ಈ ಸೀಮೆಯಲ್ಲಿ ಹುಟ್ಟಿದ ಯಾರೇ ಆದರೂ ಹೊಂಡ, ಏರಿ ಕಂಡರೆ ಏನು ಹೇಳುತ್ತಾರೋ ಅವರೂ ಅದನ್ನೇ ಹೇಳಿದ್ದರು, ಕಡಂಗ ಎಂದು. ದೊರೆ ಬರೆದುಕೊಂಡಿದ್ದ. ಅದುವರೆಗೆ ಊರಿನವರ ಬಾಯಲ್ಲಿ ಮಾತ್ರ ಇದ್ದದ್ದು ನಕ್ಷೆಗೆ ಹತ್ತಿತು. ಆಗ ಇಲ್ಲಿದ್ದದ್ದು ಎರಡೇ ಮನೆ. ಸರ್ಕಾರವೇ ಕಡಂಗ ಅಂದಮೇಲೆ ಹೆಮ್ಮೆಯಿಂದ ಬಂದು ಕಟ್ಟಿದವು ಉಳಿದ ಏಳು. "ಒಂದು ಮಾತಿಗೆ ಏಳು ಮನೆ ಸಾರ್. ಅದ್ರಲ್ಲೊಂದು ನನ್ನ ಮಗಳದ್ದು" ಎಂದರು.

ನಾನು ಮೇಲಿನವರಿಗೆ ಕಾಗದ ಬರೆದೆ. ನಿಮ್ಮ ಕೆಲಸ ಅಳೆಯುವುದು, ಗುಡ್ಡದ ಜಾತಕ ಬರೆಯುವುದಲ್ಲ ಎಂದು ಉತ್ತರ ಬಂತು. ಅದರೊಂದಿಗೆ ನನ್ನ ಪೌರುಷ ಮುಗಿಯಿತು. ಅಜ್ಜ ಮನೆಮನೆಗೆ ಹೋಗಿ ಹೇಳಿದರು: ಮಳೆಗಾಲಕ್ಕೆ ಮೊದಲು ತೊರೆಯಾಚೆಗೆ ಹೋಗಿ, ಗುಡ್ಡ ನಿಲ್ಲುವುದಿಲ್ಲ. ಅವರು ಅಜ್ಜನಿಗೆ ಕೊಟ್ಟ ಉತ್ತರ ನನ್ನದೇ ಮಾತು. ಸರ್ವೆ ಸಾಹೇಬರೇ ಪಟೇಲರ ಜಗುಲಿಯಲ್ಲಿ ಹೇಳಿದ್ದಾರಲ್ಲ, ಸಾವಿರ ವರ್ಷದ್ದು ಅಂತ! ಸಾವಿರ ವರ್ಷ ನಿಂತದ್ದು ಈ ವರ್ಷ ಬೀಳುತ್ತಾ? ಅಳಿಯನಂತೂ, ಮಾವನವರಿಗೆ ವಯಸ್ಸಾಯಿತು ಎಂದು ನಕ್ಕುಬಿಟ್ಟನಂತೆ. ನಾನು ಅಂದು ಆಡಿದ್ದು ತಪ್ಪು ಎಂದು ಅದೇ ಜಗುಲಿಗೆ ಹೋಗಿ ಹೇಳಬಹುದಿತ್ತು. ನಾಚಿಕೆ ಬಿಡಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ, ಆ ನಾಳೆ ಬರಲಿಲ್ಲ.

ಸುಗ್ಗಿಯ ಕೊನೆಯ ದಿನ ಬಂತು. ಬೆಳಗಿನ ಬಿಸಿಲಿನಲ್ಲಿ ಊರೆಲ್ಲ ಏರಿಯ ಮೇಲೆ ಸೇರಿತ್ತು. ಬಾಳೆಯೆಲೆಯ ಮೇಲೆ ಎಡೆ ಬಡಿಸುತ್ತಿದ್ದರು. ನನ್ನನ್ನೂ ಕರೆದಿದ್ದರು. ಅಜ್ಜ ತಲೆಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಹತ್ತಿ ಬಂದರು. ಹೆಗಲ ಮೇಲೆ ಗುದ್ದಲಿ. ಸುಗ್ಗಿಯ ದಿನಗಳಲ್ಲಿ ಬರೀ ನೆಲಕ್ಕೇ ಗುದ್ದಲಿ ಹಾಕುವಂತಿಲ್ಲ, ಇನ್ನು ಕಡಂಗಕ್ಕೆ! ಯಾರೋ ಕೂಗಿದರು, ಹೆಂಗಸರು ಮಕ್ಕಳನ್ನು ಹಿಂದಕ್ಕೆಳೆದುಕೊಂಡರು. ಅಜ್ಜ ಎಡೆಗೆ ಕೈಮುಗಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಇದು ನಮ್ಮ ಹಿರೀಕರು ತೋಡಿದ್ದೇ ಆಗಿದ್ರೆ ಶಾಪ ನನಗೇ ತಟ್ಲಿ. ನನ್ನ ಮನೆ, ನನ್ನ ಮಗಳ ಮನೆ, ಎಲ್ಡೂ ಹೋಗ್ಲಿ. ಆದ್ರೆ ಈಗ ಎಲ್ಲಾರೂ ಕಣ್ಬಿಟ್ಟು ನೋಡಿ."

ಯಾರೂ ಹತ್ತಿರ ಹೋಗಲಿಲ್ಲ; ಹೋಗುವ ಧೈರ್ಯ ಯಾರಿಗಿತ್ತು? ಅಜ್ಜ ಏರಿಯ ಪಕ್ಕೆಯನ್ನು ಅಡ್ಡಕ್ಕೆ ಕಡಿಯತೊಡಗಿದರು. ಆ ಮೊದಲ ಏಟಿನ ಸದ್ದು ಈಗಲೂ ಕಿವಿಯಲ್ಲಿದೆ. ಅರವತ್ತು ದಾಟಿದ ಮನುಷ್ಯ ಒಂದೇ ಸಮನೆ ಅಗೆದರು, ನಿಂತು ಉಸಿರು ತೆಗೆದುಕೊಂಡರು, ಮತ್ತೆ ಅಗೆದರು. ಎದೆಯುದ್ದ ಕಡಿದ ಮೇಲೆ ಹಿಂದೆ ಸರಿದು ಅಂಗೈಯಿಂದ ಮಣ್ಣಿನ ಮುಖ ಒರೆಸಿದರು. ಮೇಲೆ ಕಪ್ಪು. ಅಡಿಯಲ್ಲಿ ಕೆಂಪು. ಕೆಂಪಿನ ಕೆಳಗೆ ಇನ್ನೂ ಗಟ್ಟಿ ಕೆಂಪು. ನಡುವೆ ಕಪ್ಪು ಗೆರೆ ಎಲ್ಲೂ ಇಲ್ಲ. ಮಣ್ಣು ಮಗುಚಿಕೊಂಡಿರಲಿಲ್ಲ, ಭೂಮಿ ಹುಟ್ಟಿಸಿದ ಹಾಗೇ ಇತ್ತು. ಆ ಊರಿನವರೆಲ್ಲ ತೋಟ ಗದ್ದೆ ಅಗೆದವರೇ. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಒಬ್ಬ ಮುದುಕಿ ಮುಂದೆ ಬಂದು ಆ ಮಣ್ಣನ್ನು ಮುಟ್ಟಿ, "ಹಂಗಾದ್ರೆ ಇದನ್ನ ಯಾರು ಮಾಡಿದ್ದು?" ಎಂದು ಕೇಳಿದಳು. ಅಜ್ಜ ಗುಡ್ಡದ ನೆತ್ತಿಯ ಕಡೆಗೆ ನೋಡಿದರು. ಅಷ್ಟೂ ಜನ ಮೇಲೆ ನೋಡಿದೆವು. ಅಲ್ಲಿ ಬರೀ ಆಕಾಶ, ಮರ, ಗುಡ್ಡ... ಹಿರಿಯರಿಗಿಂತ ಹಿರಿದಾದದ್ದೊಂದರ ಹೆಗಲ ಮೇಲೆ ನಾವು ಬಾಳೆಯೆಲೆ ಹಾಸಿಕೊಂಡು ನಿಂತಿದ್ದೆವು.

ಮಳೆ ಹಿಡಿಯುವ ಹೊತ್ತಿಗೆ ಎಂಟು ಮನೆಯವರು ಗೊಣಗುತ್ತಲೇ ಗಂಟುಮೂಟೆ ಕಟ್ಟಿ ತೊರೆಯಾಚೆಗೆ ಬಂದರು, ಕೆಲವರು ಶಾಲೆಗೆ, ಕೆಲವರು ಪಟೇಲರ ಕೊಟ್ಟಿಗೆಗೆ. ಮಳೆಗಾಲ ಒಂದು ಕಳೆಯಲಿ, ಆಮೇಲೆ ನೋಡೋಣ ಎಂದು. ಬರದೆ ಉಳಿದದ್ದು ಒಂದೇ ಮನೆ, ಅಜ್ಜನ ಮಗಳದ್ದು. ಅಳಿಯನಿಗೆ ಹಠ. ಅಜ್ಜ ಹೋಗಿ ಅವರ ಜಗುಲಿಯಲ್ಲಿ ಕೂತರು. ನೀವು ಹೊರಡುವವರೆಗೆ ಈ ಮನೆಯ ನೀರು ಮುಟ್ಟುವುದಿಲ್ಲ ಎಂದರು. ಒಂದು ದಿನ ಆಯಿತು, ಎರಡು ದಿನ ಆಯಿತು. ಹೆತ್ತಪ್ಪ ಬಾಗಿಲಲ್ಲಿ ಒಣಗಿದ ಬಾಯಲ್ಲಿ ಕೂತಿದ್ದರೆ ಯಾವ ಮಗಳು ಒಲೆ ಹಚ್ಚುತ್ತಾಳೆ? ಮೂರನೆಯ ದಿನ ಅವಳು ಮಕ್ಕಳನ್ನು ಕರೆದುಕೊಂಡು, ಹಸುವನ್ನು ಹೊಡೆದುಕೊಂಡು, ಅಪ್ಪನ ಮುಖ ನೋಡದೆ ತೊರೆ ದಾಟಿದಳು. ಗಂಡ ಹಿಂದಿನಿಂದ ಬಂದ.

ಆಮೇಲೆ ಎಷ್ಟೋ ವಾರ ಏನೂ ಆಗಲಿಲ್ಲ. ಮಳೆ ಬಂತು, ಹೋಯಿತು, ಮತ್ತೆ ಬಂತು. ಗುಡ್ಡ ಅಲ್ಲೇ ಇತ್ತು. ಕೊಟ್ಟಿಗೆಯ ವಾಸ ಸಾಕಾಗಿ ಜನ ಅಜ್ಜನನ್ನು ಬಾಯಿಗೆ ಬಂದಂತೆ ಆಡಿಕೊಳ್ಳತೊಡಗಿದರು. ಕೊನೆಗೆ ಒಂದು ದಿನ, ಮಳೆ ನಿಂತು ಚೆನ್ನಾಗಿ ಬಿಸಿಲು ಬಂದ ಬೆಳಿಗ್ಗೆ, ಪಟೇಲರು ಶಾಲೆಯ ಅಂಗಳದಲ್ಲಿ ಊರನ್ನು ಸೇರಿಸಿದರು. ಎಲ್ಲರೂ ಮನೆಗೆ ಮರಳುವ ಮಾತು. ನನ್ನನ್ನೂ ಅಜ್ಜನನ್ನೂ ಕರೆಸಿದ್ದರು. ಮಾತು ನಡೆಯುತ್ತಿದ್ದ ಹಾಗೇ ಎದುರು ಗುಡ್ಡದಿಂದ ಹಕ್ಕಿಗಳು ಒಟ್ಟಾಗಿ ಎದ್ದವು.

ಮೊದಲು ಸದ್ದೇ ಇರಲಿಲ್ಲ. ಇಳಿಜಾರಿನ ಮರಗಳು ನಿಂತ ಹಾಗೇ ಕೆಳಗೆ ಬರುತ್ತಿದ್ದವು. ಬೀಳುತ್ತಿರಲಿಲ್ಲ, ನಡೆದು ಬರುತ್ತಿದ್ದವು, ಒಂದಕ್ಕೊಂದು ಅಂತರ ಕೆಡದೆ. ನಾವು ಎಡೆ ಇಟ್ಟ ಏರಿಯೂ ಅಜ್ಜ ಕಡಿದ ಗಾಯದ ಸಮೇತ ಬರುತ್ತಿತ್ತು. ಕೆಲವು ಕ್ಷಣ ನನಗೆ ನಾವೇ ಮೇಲೆ ಹೋಗುತ್ತಿದ್ದೇವೆ ಅನ್ನಿಸಿತು. ಆಮೇಲೆ ಸದ್ದು ಬಂತು. ಅದನ್ನು ಹೇಗೆ ಹೇಳಲಿ... ಕಿವಿಗೆ ಕೇಳಿದ್ದಲ್ಲ, ಕಾಲಿನಿಂದ ಹತ್ತಿ ಹಲ್ಲುಗಳವರೆಗೆ ಬಂದದ್ದು. ಒಂಬತ್ತು ಹುಲ್ಲಿನ ಮಾಡುಗಳು ಒಂದಾದ ಮೇಲೊಂದು ಮಣ್ಣಿನೊಳಗೆ ಹೋದವು. ಗದ್ದೆ ಹೋಯಿತು. ತೊರೆ ಒಂದು ಗಳಿಗೆ ನಿಂತೇಹೋಯಿತು, ಆಮೇಲೆ ಕೆಂಪಾಗಿ ಇನ್ನೊಂದು ದಾರಿಯಲ್ಲಿ ಹರಿಯಿತು. ಎಲ್ಲ ಮುಗಿದಾಗ ಗುಡ್ಡದ ಮೈಯಲ್ಲಿ ಹಸಿ ಕೆಂಪು ಗಾಯ. ಬಿಸಿಲು ಮಾತ್ರ ಹಾಗೇ ಇತ್ತು. ಅಂಗಳದಲ್ಲಿ ಎಲ್ಲರೂ ಕೈಮುಗಿದು ನಿಂತಿದ್ದರು, ನಾನೂ. ಯಾರಿಗೆ ಮುಗಿದೆವೋ ಗೊತ್ತಿಲ್ಲ. ನನ್ನ ಬದುಕಿನಲ್ಲಿ ಅಷ್ಟು ದೊಡ್ಡದನ್ನು ನಾನು ಮತ್ತೆ ಕಾಣಲಿಲ್ಲ.

ಒಂದು ಜೀವವೂ ಹೋಗಿರಲಿಲ್ಲ. ಈಗ ಎಲ್ಲರೂ ಅಜ್ಜನ ಕಾಲಿಗೆ ಬೀಳುತ್ತಾರೆ ಎಂದುಕೊಂಡು ತಿರುಗಿದೆ. ಮೊದಲು ಬಾಯಿ ತೆರೆದದ್ದು ಅವರ ಮಗಳು.

"ನಿನ್ನ ಬಾಯಾರೆ ಅಂದ್ಯಲ್ಲ ಅಪ್ಪಯ್ಯ, ಮಗಳ ಮನೆ ಹೋಗ್ಲಿ ಅಂತ. ಹೋಯ್ತು. ಈಗ ಸಮಾಧಾನ ಆಯ್ತಾ?"

ಅಷ್ಟೇ. ಊರೆಲ್ಲ ಅದನ್ನೇ ಹಿಡಿದುಕೊಂಡಿತು. ಕಡಂಗಕ್ಕೆ ಗುದ್ದಲಿ ತಾಗಿತು, ಮನೆಗಳು ಹೋದವು. ಕಣ್ಣಾರೆ ಕಂಡ ಕಪ್ಪು ಕೆಂಪು ಮಣ್ಣು ಯಾರ ನೆನಪಿಗೂ ಬರಲಿಲ್ಲ. ಮನೆ ಕಳೆದುಕೊಂಡವರಿಗೆ ದೂರಲು ಒಂದು ಮುಖ ಬೇಕು, ಗುಡ್ಡಕ್ಕೆ ಮುಖವಿಲ್ಲ. ನಾನು ರೇಗಿ ಮುಂದೆ ಹೋದೆ. ಅದು ಕಡಂಗವೇ ಅಲ್ಲ, ಈ ಮನುಷ್ಯ ನಿಮ್ಮ ಮಕ್ಕಳುಮರಿಯನ್ನು ಉಳಿಸಿದ್ದಾರೆ ಎಂದು ಕೂಗಿದೆ. ಪಟೇಲರು ತಣ್ಣಗೆ ನನ್ನ ಕಡೆ ತಿರುಗಿದರು. "ಸಾವಿರ ವರ್ಷದ ಕಡಂಗ ಅಂತ ನನ್ನ ಜಗಲೀಲಿ ಕೂತು ಹೇಳಿದ್ದು ತಾವೇ ಅಲ್ವಾ ಸಾಹೇಬ್ರೆ? ಅವತ್ತಿಂದು ಸುಳ್ಳೋ, ಇವತ್ತಿಂದು ಸುಳ್ಳೋ?" ಅವತ್ತಿನದು ಸುಳ್ಳು ಎನ್ನಲು ಎರಡೇ ಮಾತು ಸಾಕಿತ್ತು. ಅದು ಹೊರಡಲಿಲ್ಲ.

ಊರಿಗೆ ಉಪಕಾರ ಹೆಣಕ್ಕೆ ಶೃಂಗಾರ ಎನ್ನುವುದನ್ನು ಅಂದು ಕಂಡೆ. ಹಿಂದಿರುಗುವ ದಾರಿಯಲ್ಲಿ ಅಜ್ಜನ ಹಿಂದೆ ನಡೆಯುತ್ತಿದ್ದೆ. ಅವರೇ ನನ್ನನ್ನು ಸಮಾಧಾನ ಮಾಡಿದರು. "ಬೈಲಿ ಬಿಡಿ ಸಾರ್. ಬೈಯ್ಯಾಕೆ ಎಲ್ಲಾರೂ ಉಳ್ಕಂಡವ್ರಲ್ಲ." ಆಮೇಲೆ ಸ್ವಲ್ಪ ದೂರ ಹೋಗಿ ನಿಂತು, ತಿರುಗಿ ಗುಡ್ಡದ ತೆಂಕಣ ತುದಿ ತೋರಿಸಿದರು. ಆ ಕಂದಕ ಪೂರ್ತಿ ಹೋಗಿರಲಿಲ್ಲ. ತೆಂಕಲಿನ ಕಾಲು ಭಾಗ, ಏರಿಯ ಸಮೇತ, ಅಲ್ಲೇ ನೇತುಕೊಂಡಿತ್ತು. "ಅದು ಇನ್ನೂ ಐತೆ. ಇವತ್ತಲ್ಲ ನಾಳೆ ಇನ್ಯಾರೋ ಕಡಂಗ ಅಂತ ನಂಬ್ಕಂಡು ಅದ್ರ ಬುಡದಲ್ಲಿ ಮನೆ ಕಟ್ತಾರೆ. ನಕ್ಷೆಯಿಂದ ಆ ಹೆಸರು ತೆಗೀರಿ ಸಾರ್. ಹಾಕ್ಸಿದ್ದು ನಾನು. ತೆಗೆಯಾಕೆ ನಂಗೆ ಬರಾಕಿಲ್ಲ." ಅವರು ನನ್ನಲ್ಲಿ ಕೇಳಿಕೊಂಡದ್ದು ಅದೊಂದೇ.

ನಾನು ತೆಗೆಯಲಿಲ್ಲ. ಹೊಸ ನಕ್ಷೆ ಬರೆಯುವಾಗ ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. ಹೆಸರು ತೆಗೆದರೆ ಮೇಲಿನವರು ಕಾರಣ ಕೇಳುತ್ತಾರೆ, ಮೊದಲ ಕಾಗದಕ್ಕೇ ಬೈಸಿಕೊಂಡಿದ್ದೇನೆ, ನೌಕರಿ ಕಾಯಂ ಆಗಿಲ್ಲ... ಹಳೆಯದರಲ್ಲಿ ಇದ್ದದ್ದನ್ನೇ ಇಳಿಸಿ, ಉಳಿದ ತುಂಡಿನ ಮೇಲೆ 'ಕಡಂಗ' ಎಂದು ದುಂಡಗೆ ಬರೆದೆ. ಅಜ್ಜ ಆ ದಿನ ಬಿಡಾರಕ್ಕೆ ಬಂದು ಮೇಜಿನ ಮೇಲೆ ಹರಡಿದ್ದ ನಕ್ಷೆಯನ್ನು ನೋಡಿದರು. ಸರಿಯಾಗಿ ಆ ತೆಂಕಣ ತುದಿಯ ಮೇಲೆ, ನಾನು ಬರೆದ ಅಕ್ಷರಗಳ ಮೇಲೆಯೇ, ಬೆರಳಿಟ್ಟರು.

"ತೆಗೆದ್ರಾ ಸಾರ್?"

"ತೆಗೆದೆ ಅಜ್ಜ" ಎಂದೆ.

ಓದಲು ಬಾರದ ಆ ಮನುಷ್ಯ ನಂಬಿದರು. ದೊಡ್ಡ ಭಾರ ಇಳಿಸಿದವರ ಹಾಗೆ ಉಸಿರುಬಿಟ್ಟು, ಹೋಗಿ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡರು. ಮರುವರ್ಷ ನನಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ಕೆಲವು ವರ್ಷಗಳ ಮೇಲೆ ಜೊತೆಯ ಸರ್ವೇಯರೊಬ್ಬರ ಕಾಗದದಲ್ಲಿ ಬಂತು. ಕೊನೆಗಾಲದಲ್ಲಿ ಮಗಳೇ ನೋಡಿಕೊಂಡಳಂತೆ. ಗಂಜಿ ಕುಡಿಸಿದಳು, ಮೈ ಒರೆಸಿದಳು, ಮಾತು ಮಾತ್ರ ಆಡಲಿಲ್ಲವಂತೆ. ಅವರಿಗೆ ನಾನು ಸುಳ್ಳು ಹೇಳಿದ್ದು ಯಾರಿಗೂ ಗೊತ್ತಿಲ್ಲ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಬರೆಯುವಂತೆ ಮಾಡಿದ್ದು ಮೊನ್ನೆಯ ಒಂದು ಫೋನು. ಮೊಮ್ಮಗಳು ಗೆಳತಿಯರ ಜೊತೆ ಕೊಡಗಿಗೆ ಹೋಗುತ್ತೇನೆಂದು ಹೋಮ್‌ಸ್ಟೇ ಒಂದರ ಚಿತ್ರಗಳನ್ನು ತೋರಿಸಿದಳು. 'ಪುರಾತನ ಕಡಂಗದ ಮಡಿಲಲ್ಲಿ' ಎಂದು ಬರೆದಿತ್ತು. ನಾಲ್ಕು ಹೆಂಚಿನ ಮನೆ, ಹಿಂದೆ ಒಂದು ಇಳಿಜಾರು, ಅದರ ಮೇಲೆ ಗುಡ್ಡದ ಕಡೆಗೆ ಬೆನ್ನು ವಾಲಿಸಿದ ಮರಗಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಅವಳಿಂದ ನಂಬರು ಹಾಕಿಸಿ ಮಾತನಾಡಿದೆ. ಎತ್ತಿದವನು ವಿನಯದ ಹುಡುಗ. ಅದು ಕಡಂಗ ಅಲ್ಲಪ್ಪ ಎಂದೆ.

"ಇಲ್ಲ ಸಾರ್, ದಾಖಲೇಲೇ ಐತೆ. ಹಳೇ ಸರ್ವೆ ನಕ್ಷೇಲಿ ಬರೆದು ಸಹಿ ಹಾಕವ್ರೆ. ಫ್ರೇಮ್ ಹಾಕ್ಸಿ ಹಾಲಲ್ಲಿ ಇಟ್ಟಿದೀವಿ."

"ಆ ಸಹಿ ನನ್ನದು" ಎಂದೆ.

ಅವನಿಗೆ ಎಷ್ಟು ಸಂತೋಷವಾಯಿತು! "ಅಯ್ಯೋ, ಹೌದಾ ಸಾರ್? ನೀವು ಒಂದ್ಸಲ ಬರ್ಲೇಬೇಕು. ನಮ್ಮ ಗೆಸ್ಟುಗಳಿಗೆ ಕಡಂಗದ ಕಥೆ ಹೇಳ್ಬೇಕು." ನಾನು ಹೇಳಬೇಕಾದದ್ದನ್ನೆಲ್ಲ ಅರ್ಧ ಗಂಟೆ ಹೇಳಿದೆ. ಆರು ಕೊಂಡಿ, ಬಿರುಕು, ಮಣ್ಣಿನ ಪದರ, ನಡೆದು ಬಂದ ಮರಗಳು. ಅವನು ನಡುವೆ ಬಾಯಿ ಹಾಕದೆ ಕೇಳಿದ. ಕೊನೆಗೆ, "ನೋಡೋಣ ಸಾರ್, ಆದ್ರೆ ನಕ್ಷೇಲಿ ಹಂಗಿಲ್ವಲ್ಲ" ಎಂದ.

ಮಳೆಗೆ ಇನ್ನು ಎರಡು ತಿಂಗಳಿದೆ. ಬರುತ್ತೇನೆ ಎಂದಿದ್ದೇನೆ, ಮೊಮ್ಮಗಳು ಕರೆದುಕೊಂಡು ಹೋಗಲು ಒಪ್ಪಿದ್ದಾಳೆ. ಹೋಗಿ ಆ ಹೋಮ್‌ಸ್ಟೇಯ ಜಗುಲಿಯಲ್ಲಿ, ಮಗಳ ಮನೆಯಲ್ಲಿ ಅಜ್ಜ ಕೂತ ಹಾಗೆ, ಕೂರುತ್ತೇನೆ. ನನ್ನ ಮಾತಿಗಿಂತ ನನ್ನ ಸಹಿಯನ್ನೇ ಅವರು ನಂಬಿದರೆ ಏನು ಮಾಡಲಿ? ಗುದ್ದಲಿ ಎತ್ತುವ ಶಕ್ತಿ ಈ ಕೈಗಿಲ್ಲ, ಎತ್ತುತ್ತಿದ್ದ ಅಜ್ಜ ಈಗ ಇಲ್ಲ.